ಸುಣ್ಣಕಲ್ಲಿನ ತೈಲ ನಿಕ್ಷೇಪಗಳಲ್ಲಿ ಬಿಟುಮೆನ್ ಅಂದಾಜು ಮತ್ತು ಮಾದರಿ ರಚನೆ: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಎಚ್.ಡಿ. ಕೋಟೆ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಕೊಳವೆಬಾವಿ ಕೊರೆಯುವಾಗ ಕಪ್ಪು ಕಲ್ಲಿನ ಪುಡಿ ಮೇಲೆ ಬರುವುದುಂಟು. ಬಾವಿಯ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಪದರ ಕಾಣುವುದೂ ಉಂಟು. ಇಂತಹ ಕುರುಹುಗಳನ್ನು ಕಂಡಾಗ ನೆಲದಡಿಯಲ್ಲಿ ತೈಲವಿರಬಹುದೇ ಎಂಬ ಪ್ರಶ್ನೆ ಸಾರ್ವಜನಿಕರಲ್ಲಿ ಮೂಡುವುದು ಸಹಜ. ಭೂಮಿಯೊಳಗಿನ ತೈಲವನ್ನು, ಅದರಲ್ಲಿಯೂ ಹರಿಯದೆ ಕಲ್ಲಿನಲ್ಲಿ ಅಂಟಿ ಉಳಿದಿರುವ ಬಿಟುಮೆನ್ ಅನ್ನು ತಜ್ಞರು ಹೇಗೆ ಗುರುತಿಸಿ ಲೆಕ್ಕ ಹಾಕುತ್ತಾರೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಮೈಸೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಶಿಲೆಗಳಿಗೆ ಈ ವಿಷಯ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದನ್ನೂ, ಅರ್ಜಿದಾರರು ತಿಳಿದಿರಬೇಕಾದ ಅಂಶಗಳನ್ನೂ ನೀಡಲಾಗಿದೆ.

ಲೇಖನದ ಸಾರಾಂಶ ಇಷ್ಟು: ನೆಲದಡಿಯಲ್ಲಿ ಇರುವುದು ಬೇರೆ, ಅಲ್ಲಿಂದ ಹರಿದು ಬರುವುದು ಬೇರೆ. ಇವೆರಡನ್ನೂ ಒಂದೇ ಕುರುಹಿನಿಂದ ನಿರ್ಧರಿಸಲು ಸಾಧ್ಯವಿಲ್ಲ.

ಬಿಟುಮೆನ್ ಎಂದರೇನು

ಬಿಟುಮೆನ್ ಎಂಬುದು ಅತ್ಯಂತ ದಪ್ಪನಾದ, ಕಪ್ಪು ಬಣ್ಣದ ಹೈಡ್ರೋಕಾರ್ಬನ್ ಪದಾರ್ಥ. ದ್ರವವು ಹರಿಯಲು ಒಡ್ಡುವ ಪ್ರತಿರೋಧಕ್ಕೆ ಸ್ನಿಗ್ಧತೆ ಎಂದು ಹೆಸರು. ಸಾಮಾನ್ಯ ಉಷ್ಣತೆಯಲ್ಲಿ ನೀರಿನ ಸ್ನಿಗ್ಧತೆ ಸುಮಾರು 1 ಸೆಂಟಿಪಾಯಿಸ್. ನಿಕ್ಷೇಪದ ಉಷ್ಣತೆಯಲ್ಲಿ 10,000 ಸೆಂಟಿಪಾಯಿಸ್‌ಗಿಂತ ಹೆಚ್ಚು ಸ್ನಿಗ್ಧತೆಯುಳ್ಳ ತೈಲವನ್ನು ಬಿಟುಮೆನ್ ಎಂದು ಪರಿಗಣಿಸಲಾಗುತ್ತದೆ. ಕೆಲವು ನಿಕ್ಷೇಪಗಳಲ್ಲಿ ಇದು ಸಂಪೂರ್ಣ ಘನರೂಪವನ್ನು ತಾಳಿ, ದ್ರಾವಕಗಳಲ್ಲಿಯೂ ಕರಗದ ಸ್ಥಿತಿಯನ್ನು ತಲುಪಿರುತ್ತದೆ. ಇಂತಹುದನ್ನು ಪೈರೋಬಿಟುಮೆನ್ ಎನ್ನುತ್ತಾರೆ.

ರಸ್ತೆ ಕಾಮಗಾರಿಗಳಲ್ಲಿ ಬಳಸುವ ಬಿಟುಮೆನ್ ನೇರವಾಗಿ ಗಣಿಯಿಂದ ಬರುವುದಿಲ್ಲ. ಕಚ್ಚಾ ತೈಲದಿಂದ ಪೆಟ್ರೋಲ್, ಡೀಸೆಲ್ ಮೊದಲಾದವುಗಳನ್ನು ಬೇರ್ಪಡಿಸಿದ ನಂತರ ಉಳಿಯುವ ಭಾರವಾದ ಶೇಷದಿಂದ ಅದನ್ನು ಸಂಸ್ಕರಣಾಗಾರಗಳಲ್ಲಿ ತಯಾರಿಸಲಾಗುತ್ತದೆ. ಕರ್ನಾಟಕದಲ್ಲಿ ಮಂಗಳೂರಿನ ಎಂ.ಆರ್.ಪಿ.ಎಲ್. ಸಂಸ್ಕರಣಾಗಾರವು ಬಿಟುಮೆನ್ ಉತ್ಪಾದಿಸುತ್ತದೆ. ಭಾರತೀಯ ಮಾನಕ ಐ.ಎಸ್. 73ರ 2006ರ ಪರಿಷ್ಕರಣೆಯಿಂದೀಚೆಗೆ ರಸ್ತೆ ಬಿಟುಮೆನ್ ಅನ್ನು ಸ್ನಿಗ್ಧತೆಯ ಆಧಾರದ ಮೇಲೆ ವಿಜಿ-10, ವಿಜಿ-20, ವಿಜಿ-30 ಹಾಗೂ ವಿಜಿ-40 ಎಂಬ ದರ್ಜೆಗಳಾಗಿ ವಿಂಗಡಿಸಲಾಗಿದೆ. ವಿಜಿ-30 ದರ್ಜೆಯ ಬಿಟುಮೆನ್‌ಗೆ 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೂ ಕನಿಷ್ಠ 2,400 ಪಾಯಿಸ್, ಅಂದರೆ 2,40,000 ಸೆಂಟಿಪಾಯಿಸ್ ಸ್ನಿಗ್ಧತೆ ಇರಬೇಕು. ಹುಣಸೂರು ಮತ್ತು ಪಿರಿಯಾಪಟ್ಟಣದ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 275ರಂತಹ ಡಾಂಬರು ರಸ್ತೆಗಳನ್ನು ನೋಡಿದವರಿಗೆ, ಇಂತಹ ಪದಾರ್ಥವು ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ತುಂಬಿಕೊಂಡರೆ ಬಾವಿಯ ಕಡೆಗೆ ಹರಿದುಬರುವುದು ಏಕೆ ಅಸಾಧ್ಯ ಎಂಬುದು ಸುಲಭವಾಗಿ ಅರ್ಥವಾಗುತ್ತದೆ.

ನಾಲ್ಕು ತಾಲ್ಲೂಕುಗಳ ಶಿಲೆಗಳು

ಈ ನಾಲ್ಕು ತಾಲ್ಲೂಕುಗಳ ನೆಲದಡಿಯಲ್ಲಿರುವುದು ಮುಖ್ಯವಾಗಿ ನೈಸ್ ಎಂಬ ಗಟ್ಟಿ ಶಿಲೆ. ಇದರ ಬಹುಭಾಗವು ಸುಮಾರು 300 ಕೋಟಿ ವರ್ಷಗಳಷ್ಟು ಅಥವಾ ಅದಕ್ಕಿಂತಲೂ ಹಳೆಯದು. ನೈಸ್ ಶಿಲೆಯ ನಡುವೆ ಅಲ್ಲಲ್ಲಿ ಇನ್ನೂ ಪ್ರಾಚೀನವಾದ ಶಿಲಾಪಟ್ಟಿಗಳಿವೆ. ಇವುಗಳಿಗೆ ಭೂವಿಜ್ಞಾನದಲ್ಲಿ ಸರಗೂರು ಸಮೂಹ ಎಂಬ ಹೆಸರಿದೆ. ಹೆಗ್ಗಡದೇವನಕೋಟೆಯಿಂದ ಬೇರ್ಪಟ್ಟು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಸರಗೂರಿನ ಹೆಸರನ್ನೇ ಈ ಸಮೂಹಕ್ಕೆ ಇಡಲಾಗಿದೆ.

ಸರಗೂರು ಸಮೂಹದಲ್ಲಿ ಕಬ್ಬಿಣಯುಕ್ತ ಶಿಲೆ, ಬೆಣಚುಕಲ್ಲು, ಕಪ್ಪು ಬಣ್ಣದ ಆಂಫಿಬೊಲೈಟ್ ಮುಂತಾದವುಗಳ ಜೊತೆಗೆ ಅಮೃತಶಿಲೆ ಹಾಗೂ ಸುಣ್ಣಾಂಶವುಳ್ಳ ಶಿಲೆಗಳೂ ಇವೆ. ಅಂದರೆ ಸುಣ್ಣಕಲ್ಲಿನ ಮೂಲದ ಶಿಲೆಗಳು ಈ ಭಾಗದಲ್ಲಿ ಇಲ್ಲವೆಂದಲ್ಲ. ಆದರೆ ಅವು ತೈಲ ನಿಕ್ಷೇಪಗಳಲ್ಲ. ಇದಕ್ಕೆ ಕಾರಣಗಳು ಈ ಕೆಳಕಂಡಂತಿವೆ:

1. ಜಲಚರ ಸೂಕ್ಷ್ಮಜೀವಿಗಳ ಅವಶೇಷಗಳು ಕೆಸರಿನಲ್ಲಿ ಹೂತು, ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ದೀರ್ಘಕಾಲ ಇದ್ದಾಗ ತೈಲ ಉಂಟಾಗುತ್ತದೆ. ಸರಗೂರು ಸಮೂಹದ ಶಿಲೆಗಳು ಭೂಮಿಯ ಆಳದಲ್ಲಿ 600 ಡಿಗ್ರಿಗೂ ಹೆಚ್ಚಿನ ಶಾಖಕ್ಕೆ ಒಳಗಾಗಿ ರೂಪಾಂತರ ಹೊಂದಿವೆ. ಅಷ್ಟು ಶಾಖದಲ್ಲಿ ತೈಲವು ಉಳಿಯುವುದಿಲ್ಲ. ಇಂಗಾಲವಿದ್ದರೆ ಅದು ಗ್ರಾಫೈಟ್ ಆಗುತ್ತದೆ.

2. ಸುಣ್ಣಕಲ್ಲು ಅಮೃತಶಿಲೆಯಾಗುವಾಗ ಅದರ ಹರಳುಗಳು ಒಂದಕ್ಕೊಂದು ಹೆಣೆದುಕೊಂಡು ಮೂಲ ರಂಧ್ರಗಳು ಮುಚ್ಚಿಹೋಗುತ್ತವೆ. ತೈಲ ನಿಲ್ಲಲು ಸ್ಥಳವೇ ಇರುವುದಿಲ್ಲ.

3. ತೈಲದ ಮೂಲಶಿಲೆ, ಸಂಗ್ರಹ ಶಿಲೆ ಮತ್ತು ಮೇಲೆ ಮುಚ್ಚಳದಂತಿರುವ ಶಿಲೆ ಇವು ಮೂರೂ ಸೇರಿದ ದಪ್ಪ ಜಲಜ ಶಿಲಾ ಸ್ತರಗಳು ಈ ತಾಲ್ಲೂಕುಗಳಲ್ಲಿ ಇಲ್ಲ.

ಆದ್ದರಿಂದ ಕೊಳವೆಬಾವಿಯಿಂದ ಬರುವ ಕಪ್ಪು ಪುಡಿಯು ಆಂಫಿಬೊಲೈಟ್ ಅಥವಾ ನೈಸ್ ಶಿಲೆಯನ್ನು ಸೀಳಿಕೊಂಡು ಬಂದಿರುವ ಡಾಲರೈಟ್‌ನಂತಹ ಕಪ್ಪು ಶಿಲೆಯದ್ದಾಗಿರುತ್ತದೆಯೇ ಹೊರತು ಬಿಟುಮೆನ್ ಅಲ್ಲ.

ರಾಜ್ಯದಲ್ಲಿ ಅಷ್ಟಾಗಿ ರೂಪಾಂತರ ಹೊಂದದ ಸುಣ್ಣಕಲ್ಲಿನ ವಿಸ್ತಾರವಾದ ಸ್ತರಗಳು ಕಲಬುರಗಿ ಭಾಗದ ಭೀಮಾ ಕಣಿವೆ ಹಾಗೂ ಬಾಗಲಕೋಟೆ ಭಾಗದ ಕಲಾದಗಿ ಪ್ರದೇಶದಲ್ಲಿವೆ. ಭಾರತದ 26 ಜಲಜ ಶಿಲಾ ಜಲಾನಯನಗಳ ಪೈಕಿ ಭೀಮಾ-ಕಲಾದಗಿಯನ್ನೂ ಎಣಿಸಲಾಗಿದೆ. ಆದರೆ ಅದನ್ನು ವಾಣಿಜ್ಯ ಉತ್ಪಾದನೆ ಇಲ್ಲದ, ಇನ್ನೂ ಅನ್ವೇಷಣೆ ಆಗಬೇಕಾದ ಮೂರನೆಯ ವರ್ಗದಲ್ಲಿ ಇರಿಸಲಾಗಿದೆ. ಆದುದರಿಂದ ಬಿಟುಮೆನ್ ಅಂದಾಜಿನ ವಿಧಾನವನ್ನು ತಿಳಿಯಲು ರಾಜ್ಯದ ಹೊರಗಿನ ತೈಲಕ್ಷೇತ್ರಗಳನ್ನು ನೋಡಬೇಕಾಗುತ್ತದೆ.

ಸುಣ್ಣಕಲ್ಲು ತೈಲ ನಿಕ್ಷೇಪವಾಗುವ ಬಗೆ

ಸುಣ್ಣಕಲ್ಲು ಮತ್ತು ಡಾಲಮೈಟ್ ಶಿಲೆಗಳನ್ನು ಒಟ್ಟಾಗಿ ಕಾರ್ಬೊನೇಟ್ ಶಿಲೆಗಳೆಂದು ಕರೆಯಲಾಗುತ್ತದೆ. ಭಾರತದ ಅತ್ಯಂತ ಪ್ರಸಿದ್ಧ ತೈಲಕ್ಷೇತ್ರವಾದ ಮುಂಬೈ ಹೈ ಇಂತಹ ಸುಣ್ಣಕಲ್ಲಿನ ನಿಕ್ಷೇಪ. ಮುಂಬೈನಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್ ದೂರದ ಸಮುದ್ರದಲ್ಲಿ ಒ.ಎನ್.ಜಿ.ಸಿ. ಸಂಸ್ಥೆಯು 1974ರಲ್ಲಿ ಇದನ್ನು ಪತ್ತೆ ಹಚ್ಚಿತು. 1976ರಲ್ಲಿ ಉತ್ಪಾದನೆ ಆರಂಭವಾಯಿತು.

ತೈಲವು ಭೂಮಿಯೊಳಗೆ ಕೆರೆಯಂತೆ ನಿಂತಿರುವುದಿಲ್ಲ. ಕಲ್ಲಿನ ಕಣಗಳ ನಡುವಣ ಸೂಕ್ಷ್ಮ ರಂಧ್ರಗಳಲ್ಲಿ, ಸುಣ್ಣ ಕರಗಿ ಉಂಟಾದ ಪೊಟರೆಗಳಲ್ಲಿ ಮತ್ತು ಬಿರುಕುಗಳಲ್ಲಿ ಅದು ಹಿಡಿದಿರುತ್ತದೆ. ಒಟ್ಟು ಕಲ್ಲಿನಲ್ಲಿ ರಂಧ್ರಗಳ ಪಾಲನ್ನು ರಂಧ್ರತೆ ಎನ್ನುತ್ತಾರೆ. ರಂಧ್ರಗಳು ಒಂದಕ್ಕೊಂದು ಕೂಡಿಕೊಂಡು ದ್ರವವು ಹಾದುಹೋಗಲು ಎಷ್ಟು ಅನುವು ಮಾಡಿಕೊಡುತ್ತವೆ ಎಂಬುದನ್ನು ಪಾರಗಮ್ಯತೆ ಎನ್ನುತ್ತಾರೆ. ಕಾರ್ಬೊನೇಟ್ ಶಿಲೆಗಳಲ್ಲಿ ಇವೆರಡೂ ಕೆಲವೇ ಅಡಿಗಳ ಅಂತರದಲ್ಲಿ ಬಹಳಷ್ಟು ಬದಲಾಗುತ್ತವೆ. ಒಂದೇ ರಂಧ್ರತೆಯುಳ್ಳ ಎರಡು ತುಂಡುಗಳಲ್ಲಿ ಒಂದರಿಂದ ತೈಲ ಸರಾಗವಾಗಿ ಹರಿಯಬಹುದು, ಮತ್ತೊಂದರಿಂದ ಹರಿಯದೆ ಇರಬಹುದು.

ನಿಕ್ಷೇಪದಲ್ಲಿ ಬಿಟುಮೆನ್ ಉಂಟಾಗುವ ಕಾರಣಗಳು

1. ಸೂಕ್ಷ್ಮಜೀವಿಗಳ ಕ್ರಿಯೆ: ಸುಮಾರು 80 ಡಿಗ್ರಿಗಿಂತ ಕಡಿಮೆ ಉಷ್ಣತೆಯ ನಿಕ್ಷೇಪಗಳಲ್ಲಿ ಸೂಕ್ಷ್ಮಜೀವಿಗಳು ತೈಲದ ಹಗುರ ಅಂಶಗಳನ್ನು ಸೇವಿಸುತ್ತವೆ. ಭಾರವಾದ ಅಂಶ ಉಳಿಯುತ್ತದೆ.

2. ಅನಿಲದ ಪ್ರವೇಶ: ಆಳದಿಂದ ಅನಿಲವು ಬಂದು ತೈಲದಲ್ಲಿ ಬೆರೆತಾಗ ಆಸ್ಫಾಲ್ಟೀನ್ ಎಂಬ ಭಾರವಾದ ಅಂಶವು ಬೇರ್ಪಟ್ಟು, ಹಾಲು ಒಡೆದಾಗ ಗಷ್ಟು ಕೂಡುವಂತೆ, ರಂಧ್ರಗಳ ಗೋಡೆಗೆ ಅಂಟಿಕೊಳ್ಳುತ್ತದೆ.

3. ಅತಿಯಾದ ಶಾಖ: ಸುಮಾರು 150 ಡಿಗ್ರಿಗೂ ಮೀರಿದ ಉಷ್ಣತೆಯಲ್ಲಿ ತೈಲವು ಒಡೆದು ಅನಿಲವಾಗಿ, ಪೈರೋಬಿಟುಮೆನ್ ಶೇಷವಾಗಿ ಉಳಿಯುತ್ತದೆ.

4. ತಳದಲ್ಲಿ ಶೇಖರಣೆ: ಭಾರವಾದ ಅಂಶಗಳು ಕಾಲಕ್ರಮೇಣ ಕೆಳಗಿಳಿದು, ತೈಲ ಮತ್ತು ನೀರು ಸಂಧಿಸುವ ಮಟ್ಟದ ಬಳಿ ದಪ್ಪ ಪದರವಾಗಿ ನಿಲ್ಲುತ್ತವೆ. ಇದಕ್ಕೆ ಟಾರ್ ಪದರ ಎಂದು ಹೆಸರು.

ಕಾರಣವನ್ನು ತಿಳಿಯುವುದು ಕೇವಲ ಶಾಸ್ತ್ರೀಯ ಆಸಕ್ತಿಯ ವಿಷಯವಲ್ಲ. ಬಿಟುಮೆನ್ ತಳದಲ್ಲಿ ಮಾತ್ರ ಇದೆಯೇ ಅಥವಾ ನಿಕ್ಷೇಪದ ಎಲ್ಲೆಡೆ ಚದುರಿದೆಯೇ ಎಂಬುದು ಅದರ ಉತ್ಪತ್ತಿಯ ರೀತಿಯನ್ನೇ ಅವಲಂಬಿಸಿರುತ್ತದೆ.

ಅಳತೆಯಲ್ಲಿ ಎದುರಾಗುವ ತೊಡಕು

ಬಾವಿಯನ್ನು ಕೊರೆದ ನಂತರ ಅದರೊಳಗೆ ಉಪಕರಣಗಳನ್ನು ಇಳಿಸಿ ಶಿಲೆಯ ಗುಣಗಳನ್ನು ಆಳಕ್ಕನುಗುಣವಾಗಿ ದಾಖಲಿಸಲಾಗುತ್ತದೆ. ಈ ದಾಖಲೆಗೆ ಲಾಗ್ ಎಂದು ಹೆಸರು. ಪ್ರತಿಯೊಂದು ಲಾಗ್ ಒಂದು ಅಂಶವನ್ನು ಮಾತ್ರ ತಿಳಿಸುತ್ತದೆ.

ವಿದ್ಯುತ್ ರೋಧತೆಯ ಲಾಗ್: ಉಪ್ಪುನೀರು ವಿದ್ಯುತ್ತನ್ನು ಸುಲಭವಾಗಿ ಹಾಯಿಸುತ್ತದೆ, ತೈಲ ಹಾಯಿಸುವುದಿಲ್ಲ. ಈ ವ್ಯತ್ಯಾಸದಿಂದ ರಂಧ್ರಗಳಲ್ಲಿನ ನೀರಿನ ಪಾಲನ್ನು ಲೆಕ್ಕ ಹಾಕುವ ಸೂತ್ರವನ್ನು ಗಸ್ ಆರ್ಚಿ 1942ರಲ್ಲಿ ಪ್ರಕಟಿಸಿದರು. ಇಂದಿಗೂ ಅದು ಬಳಕೆಯಲ್ಲಿದೆ. ಆದರೆ ಬಿಟುಮೆನ್ ಕೂಡ ವಿದ್ಯುತ್ತನ್ನು ಹಾಯಿಸುವುದಿಲ್ಲ. ಆದ್ದರಿಂದ ಹರಿಯುವ ತೈಲವನ್ನೂ ಹರಿಯದ ಬಿಟುಮೆನ್ ಅನ್ನೂ ಈ ಲಾಗ್ ಒಂದೇ ಎಂಬಂತೆ ತೋರಿಸುತ್ತದೆ.

ಸಾಂದ್ರತೆಯ ಲಾಗ್: ಇದರಿಂದ ಒಟ್ಟು ರಂಧ್ರತೆ ತಿಳಿಯುತ್ತದೆ. ಬಿಟುಮೆನ್‌ನ ಸಾಂದ್ರತೆ ನೀರಿನ ಸಾಂದ್ರತೆಗೆ ಸಮೀಪವಿರುವುದರಿಂದ, ಬಿಟುಮೆನ್ ತುಂಬಿದ ರಂಧ್ರವೂ ದ್ರವ ತುಂಬಿದ ರಂಧ್ರದಂತೆಯೇ ಎಣಿಕೆಯಾಗುತ್ತದೆ. ಶಿಲೆಯ ಜಾತಿಯನ್ನು ತಪ್ಪಾಗಿ ಊಹಿಸಿದರೂ ಲೆಕ್ಕ ಕೆಡುತ್ತದೆ. ಸುಣ್ಣಕಲ್ಲಿನ ಖನಿಜದ ಸಾಂದ್ರತೆ 2.71, ಡಾಲಮೈಟ್‌ನದು 2.87. ಅಳತೆಯಲ್ಲಿ ಶಿಲೆಯ ಸಾಂದ್ರತೆ 2.55 ಎಂದು ಬಂದು, ರಂಧ್ರದಲ್ಲಿನ ದ್ರವದ ಸಾಂದ್ರತೆ 1 ಆಗಿದ್ದರೆ, ಸುಣ್ಣಕಲ್ಲು ಎಂದುಕೊಂಡಾಗ ರಂಧ್ರತೆ ಸುಮಾರು ಶೇಕಡಾ 9 ಆಗುತ್ತದೆ. ಡಾಲಮೈಟ್ ಎಂದುಕೊಂಡಾಗ ಸುಮಾರು ಶೇಕಡಾ 17 ಆಗುತ್ತದೆ.

ಪರಮಾಣು ಕಾಂತೀಯ ಅನುರಣನದ ಲಾಗ್: ಆಸ್ಪತ್ರೆಗಳ ಎಂ.ಆರ್.ಐ. ಯಂತ್ರದ ತತ್ವದಲ್ಲಿಯೇ ಇದು ಕೆಲಸ ಮಾಡುತ್ತದೆ. ದ್ರವಗಳಲ್ಲಿನ ಜಲಜನಕದ ಸಂಕೇತ ಸ್ವಲ್ಪ ಕಾಲ ಉಳಿಯುತ್ತದೆ. ಬಿಟುಮೆನ್‌ನ ಸಂಕೇತವು ಉಪಕರಣ ಗ್ರಹಿಸುವ ಮೊದಲೇ ಬಹುಪಾಲು ಅಳಿದುಹೋಗುತ್ತದೆ. ಆದುದರಿಂದ ಈ ಲಾಗ್ ತೋರಿಸುವ ರಂಧ್ರತೆಯಲ್ಲಿ ಬಿಟುಮೆನ್ ಇರುವ ಜಾಗ ಸೇರುವುದಿಲ್ಲ. ಸಾಂದ್ರತೆಯ ಲಾಗ್ ತೋರಿಸಿದ ರಂಧ್ರತೆಯಿಂದ ಇದನ್ನು ಕಳೆದರೆ ಬಿಟುಮೆನ್‌ನ ಪಾಲು ದೊರೆಯುತ್ತದೆ.

ಶಿಲಾ ಮಾದರಿಗಳ ಪರೀಕ್ಷೆ: ಬಾವಿಯಿಂದ ಕೋರ್ ಎಂಬ ದುಂಡು ಶಿಲಾಖಂಡಗಳನ್ನು ಹೊರತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗುತ್ತದೆ. ತೆಳುವಾದ ಬಿಲ್ಲೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬಿಟುಮೆನ್ ನೇರವಾಗಿ ಕಾಣುತ್ತದೆ. ಶಿಲೆಯನ್ನು ಹಂತಹಂತವಾಗಿ ಕಾಯಿಸಿ, ಯಾವ ಉಷ್ಣತೆಯಲ್ಲಿ ಎಷ್ಟು ಹೈಡ್ರೋಕಾರ್ಬನ್ ಹೊರಬಂದಿತೆಂದು ಅಳೆದರೆ ಹಗುರ ಮತ್ತು ಭಾರ ಅಂಶಗಳ ಪಾಲು ತಿಳಿಯುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪರೀಕ್ಷೆಗೆ ಮುನ್ನ ಕೋರ್ ಅನ್ನು ಟಾಲುಯೀನ್‌ನಂತಹ ದ್ರಾವಕದಿಂದ ತೊಳೆಯುವುದು ವಾಡಿಕೆ. ತೊಳೆದಾಗ ಕರಗುವ ಬಿಟುಮೆನ್ ಹೊರಟುಹೋಗಿ, ನೆಲದಡಿಯಲ್ಲಿ ಮುಚ್ಚಿದ್ದ ರಂಧ್ರಗಳು ಪ್ರಯೋಗಾಲಯದಲ್ಲಿ ತೆರೆದುಕೊಳ್ಳುತ್ತವೆ. ಪರಿಣಾಮವಾಗಿ ಕಲ್ಲು ಇರುವುದಕ್ಕಿಂತ ಉತ್ತಮವಾಗಿ ತೋರುತ್ತದೆ. ಆದ್ದರಿಂದ ತೊಳೆಯುವ ಮೊದಲು ಮತ್ತು ನಂತರ ಎರಡೂ ಬಾರಿ ಅಳತೆ ಮಾಡುವುದು ಅವಶ್ಯ.

ಒತ್ತಡ ಪರೀಕ್ಷೆ: ಬಾವಿಯ ಗೋಡೆಯಿಂದ ಸ್ವಲ್ಪ ದ್ರವವನ್ನು ಹೀರಿ ನೋಡಲಾಗುತ್ತದೆ. ಲಾಗ್‌ನಲ್ಲಿ ತೈಲವೆಂದು ಕಂಡ ಜಾಗದಲ್ಲಿ ದ್ರವವೇ ಬಾರದಿದ್ದರೆ ಅಲ್ಲಿ ಬಿಟುಮೆನ್ ಅಥವಾ ಬಿಗಿಯಾದ ಕಲ್ಲು ಇದೆ ಎಂದು ಅರ್ಥ.

ಲೆಕ್ಕದ ಒಂದು ಉದಾಹರಣೆ

ವಿಷಯ ಸ್ಪಷ್ಟವಾಗಲೆಂದು ಒಂದು ಕಾಲ್ಪನಿಕ ಲೆಕ್ಕವನ್ನು ಇಲ್ಲಿ ನೀಡಲಾಗಿದೆ. 1,000 ಘನ ಮೀಟರ್ ಸುಣ್ಣಕಲ್ಲಿದೆ ಎಂದು ಭಾವಿಸಿರಿ. ಸಾಂದ್ರತೆಯ ಲಾಗ್ ಪ್ರಕಾರ ರಂಧ್ರತೆ ಶೇಕಡಾ 20. ಅಂದರೆ ರಂಧ್ರಗಳ ಗಾತ್ರ 200 ಘನ ಮೀಟರ್. ವಿದ್ಯುತ್ ರೋಧತೆಯ ಪ್ರಕಾರ ಅದರಲ್ಲಿ 50 ಘನ ಮೀಟರ್ ನೀರು. ಉಳಿದ 150 ಘನ ಮೀಟರ್ ತೈಲವೆಂದು ತೋರುತ್ತದೆ.

ಕಾಂತೀಯ ಅನುರಣನದ ಲಾಗ್ ಅದೇ ಕಲ್ಲಿನ ರಂಧ್ರತೆಯನ್ನು ಶೇಕಡಾ 14 ಎಂದು ತೋರಿಸಿದರೆ, ವ್ಯತ್ಯಾಸವಾದ ಶೇಕಡಾ 6, ಅಂದರೆ 60 ಘನ ಮೀಟರ್ ಬಿಟುಮೆನ್. ಹರಿಯಬಲ್ಲ ತೈಲ 90 ಘನ ಮೀಟರ್ ಮಾತ್ರ. ಅದರಲ್ಲಿ ಮೂರನೆಯ ಒಂದು ಭಾಗವನ್ನು ಹೊರತೆಗೆಯಬಹುದೆಂದರೆ ದೊರೆಯುವುದು 30 ಘನ ಮೀಟರ್. ಬಿಟುಮೆನ್ ಅನ್ನು ಗುರುತಿಸದೆ ಇದ್ದಿದ್ದರೆ 50 ಘನ ಮೀಟರ್ ದೊರೆಯುತ್ತದೆಂದು ನಂಬಿ ಬಾವಿ, ಕೊಳವೆಮಾರ್ಗ ಹಾಗೂ ಯಂತ್ರಗಳ ಮೇಲೆ ವೆಚ್ಚ ಮಾಡಲಾಗುತ್ತಿತ್ತು.

ಮಾದರಿ ರಚನೆ

ಬಾವಿಗಳು ಕೆಲವೇ, ಅವುಗಳ ನಡುವಣ ಕಲ್ಲನ್ನು ಯಾರೂ ಕಂಡಿರುವುದಿಲ್ಲ. ಆದ್ದರಿಂದ ಇಡೀ ನಿಕ್ಷೇಪವನ್ನು ಗಣಕಯಂತ್ರದಲ್ಲಿ ಲಕ್ಷಾಂತರ ಸಣ್ಣ ಚೌಕಟ್ಟುಗಳಾಗಿ ವಿಭಜಿಸಿ, ಪ್ರತಿಯೊಂದಕ್ಕೂ ಶಿಲೆಯ ಬಗೆ, ರಂಧ್ರತೆ, ಪಾರಗಮ್ಯತೆ, ನೀರು ಮತ್ತು ಬಿಟುಮೆನ್ ಪಾಲುಗಳನ್ನು ನಮೂದಿಸಲಾಗುತ್ತದೆ. ಇದರಲ್ಲಿ ಪಾಲಿಸುವ ಮುಖ್ಯ ಕ್ರಮಗಳು ಹೀಗಿವೆ:

1. ಬಿಟುಮೆನ್ ಅನ್ನು ತೈಲದೊಂದಿಗೆ ಸೇರಿಸದೆ ಪ್ರತ್ಯೇಕ ಗುಣವಾಗಿ ನಮೂದಿಸುವುದು. ಅದು ಆಕ್ರಮಿಸಿದ ರಂಧ್ರವನ್ನು ಉಪಯುಕ್ತ ರಂಧ್ರತೆಯಿಂದ ಕಳೆಯುವುದು.

2. ಪಾರಗಮ್ಯತೆಯನ್ನು ಅದಕ್ಕೆ ತಕ್ಕಂತೆ ತಗ್ಗಿಸುವುದು. ಸ್ವಲ್ಪವೇ ಬಿಟುಮೆನ್ ರಂಧ್ರಗಳ ಕಿರಿದಾದ ಬಾಯಿಯಲ್ಲಿ ಕುಳಿತರೆ ಹರಿವು ತೀವ್ರವಾಗಿ ಕುಗ್ಗುತ್ತದೆ.

3. ಬಿಟುಮೆನ್ ಹರಡಿರುವ ರೀತಿಯನ್ನು ಅದರ ಉತ್ಪತ್ತಿಯ ಕಾರಣಕ್ಕೆ ಹೊಂದಿಸುವುದು. ಟಾರ್ ಪದರವಾದರೆ ಆಳಕ್ಕೆ ಅನುಗುಣವಾಗಿ, ಅನಿಲದ ಕ್ರಿಯೆಯಾದರೆ ಅನಿಲ ಸಾಗಿದ ದಾರಿಗೆ ಅನುಗುಣವಾಗಿ ಹಂಚುವುದು.

4. ಒಂದೇ ಉತ್ತರಕ್ಕೆ ಅಂಟಿಕೊಳ್ಳದೆ, ಸಾಧ್ಯವಿರುವ ಹಲವು ಮಾದರಿಗಳನ್ನು ರಚಿಸಿ ಕನಿಷ್ಠ, ಮಧ್ಯಮ ಮತ್ತು ಗರಿಷ್ಠ ಅಂದಾಜುಗಳನ್ನು ನೀಡುವುದು.

5. ಉತ್ಪಾದನೆ ಆರಂಭವಾದ ನಂತರ ಬಾವಿಗಳ ನಿಜವಾದ ಒತ್ತಡ ಮತ್ತು ಇಳುವರಿಯೊಂದಿಗೆ ಮಾದರಿಯನ್ನು ತಾಳೆ ನೋಡಿ ತಿದ್ದುವುದು.

ತಳದಲ್ಲಿನ ಟಾರ್ ಪದರವು ಮತ್ತೊಂದು ರೀತಿಯಲ್ಲಿಯೂ ಪರಿಣಾಮ ಬೀರುತ್ತದೆ. ತೈಲವನ್ನು ಕೆಳಗಿನಿಂದ ನೂಕಿ ಮೇಲೇರಿಸುವ ನೀರಿನ ಒತ್ತಡಕ್ಕೆ ಅದು ಅಡ್ಡಗೋಡೆಯಾಗುತ್ತದೆ. ಆಗ ಹೊರಗಿನಿಂದ ನೀರನ್ನು ಹಾಯಿಸಬೇಕಾದರೆ, ಪದರದ ಮೇಲ್ಭಾಗದಲ್ಲಿಯೇ ಹಾಯಿಸಬೇಕಾಗುತ್ತದೆ. ಪದರವು ಎಲ್ಲಿದೆ ಎಂಬುದನ್ನು ಮಾದರಿಯಲ್ಲಿ ಗುರುತಿಸದಿದ್ದರೆ ನೀರು ಹಾಯಿಸುವ ಬಾವಿಯನ್ನು ತಪ್ಪು ಆಳದಲ್ಲಿ ಕೊರೆಯುವ ಸಂಭವವಿರುತ್ತದೆ.

ಪ್ರಪಂಚದ ಕೆಲವು ನಿದರ್ಶನಗಳು

ಸೌದಿ ಅರೇಬಿಯಾದ ಘವಾರ್ ತೈಲಕ್ಷೇತ್ರದ ಸುಣ್ಣಕಲ್ಲಿನ ಕೆಲವು ಅಂಚುಗಳಲ್ಲಿ ಹಾಗೂ ಕುವೈತ್‌ನ ಮಿನಾಗಿಶ್ ಕ್ಷೇತ್ರದಲ್ಲಿ ಟಾರ್ ಪದರಗಳಿವೆ. 1979ರಲ್ಲಿ ಪತ್ತೆಯಾದ ಕಜಕಸ್ತಾನದ ತೆಂಗಿಜ್ ಕ್ಷೇತ್ರದ ಕಾರ್ಬೊನೇಟ್ ಶಿಲೆಗಳಲ್ಲಿ ಘನ ಬಿಟುಮೆನ್ ಕಂಡುಬಂದಿದೆ. ಕೆನಡಾದ ಅಲ್ಬರ್ಟಾ ಪ್ರಾಂತದ ಗ್ರಾಸ್‌ಮಾಂಟ್ ಸ್ತರದಲ್ಲಿ ಸುಮಾರು 40,000 ಕೋಟಿ ಬ್ಯಾರೆಲ್ ಬಿಟುಮೆನ್ ಇದೆ ಎಂದು ಅಂದಾಜಿಸಲಾಗಿದೆ. ಅಲ್ಲಿ ಹಬೆಯನ್ನು ಹಾಯಿಸಿ ಬಿಟುಮೆನ್ ಅನ್ನು ತೆಳುವಾಗಿಸುವ ಪ್ರಯೋಗಗಳು ನಡೆದಿವೆ. ಇಷ್ಟು ಬೃಹತ್ ಸಂಗ್ರಹವಿದ್ದರೂ ಅದರ ಬಹುಪಾಲು ನೆಲದಡಿಯಲ್ಲಿಯೇ ಉಳಿದಿದೆ. ಭಾರತದಲ್ಲಿ ರಾಜಸ್ಥಾನದ ಬಾಘೇವಾಲಾದಲ್ಲಿ 1991ರಲ್ಲಿ ಆಯಿಲ್ ಇಂಡಿಯಾ ಸಂಸ್ಥೆಯು ಭಾರವಾದ ತೈಲವನ್ನು ಪತ್ತೆ ಹಚ್ಚಿತು. ಅಲ್ಲಿನ ಸಂಗ್ರಹ ಶಿಲೆ ಮುಖ್ಯವಾಗಿ ಮರಳುಗಲ್ಲು. ಅಲ್ಲಿಯೂ ಹರಿವಿಗಾಗಿ ಹಬೆಯ ಬಳಕೆ ಅಗತ್ಯವಾಗಿದೆ.

ಇದೇ ತತ್ವ ಅಂತರ್ಜಲಕ್ಕೂ ಅನ್ವಯ

ನಾಲ್ಕು ತಾಲ್ಲೂಕುಗಳ ರೈತರಿಗೆ ನೆಲದಡಿಯ ಸಂಪತ್ತೆಂದರೆ ತೈಲವಲ್ಲ, ನೀರು. ಕಾವೇರಿ, ಲಕ್ಷ್ಮಣತೀರ್ಥ ಹಾಗೂ ಕಬಿನಿ ನದಿಗಳು ಹರಿಯುವ ಈ ಭಾಗದಲ್ಲಿಯೂ ನಾಲೆಯ ನೀರು ತಲುಪದ ಜಮೀನುಗಳಿಗೆ ಕೊಳವೆಬಾವಿಯೇ ಆಧಾರ. ಮೇಲೆ ವಿವರಿಸಿದ ತತ್ವವು ಇಲ್ಲಿಯೂ ಹಾಗೆಯೇ ಅನ್ವಯಿಸುತ್ತದೆ.

ಶಿಥಿಲವಾದ ನೈಸ್ ಶಿಲೆಯ ರಂಧ್ರಗಳಲ್ಲಿರುವ ನೀರೆಲ್ಲವೂ ಬಾವಿಗೆ ಬರುವುದಿಲ್ಲ. ಜೇಡಿಯು ನೀರನ್ನು ಹಿಡಿದಿಡುತ್ತದೆ. ಅಂತರ್ಜಲ ಅಂದಾಜು ಸಮಿತಿಯ 2015ರ ಮಾನದಂಡದಂತೆ, ಜೇಡಿ ಕಡಿಮೆಯಿರುವ ಶಿಥಿಲ ನೈಸ್‌ನಲ್ಲಿ ಹೊರಬರುವ ನೀರಿನ ಪ್ರಮಾಣ ಶಿಲೆಯ ಗಾತ್ರದ ಶೇಕಡಾ 3. ಜೇಡಿ ಹೆಚ್ಚಿರುವಲ್ಲಿ ಶೇಕಡಾ 1.5. ಅಂದರೆ 1,000 ಘನ ಮೀಟರ್ ನೆಲದಿಂದ ಮೊದಲನೆಯದರಲ್ಲಿ 30 ಘನ ಮೀಟರ್, ಎರಡನೆಯದರಲ್ಲಿ 15 ಘನ ಮೀಟರ್ ನೀರು ಮಾತ್ರ ದೊರೆಯುತ್ತದೆ.

ಅಂತರ್ಜಲ ಸಮೀಕ್ಷೆಯಲ್ಲಿಯೂ ವಿದ್ಯುತ್ ರೋಧತೆಯನ್ನು ಅಳೆಯಲಾಗುತ್ತದೆ. ರೋಧತೆ ಕಡಿಮೆಯಿದ್ದರೆ ಅದು ನೀರಿನ ಬಿರುಕಿನ ಸೂಚನೆಯಾಗಿರಬಹುದು. ಒದ್ದೆ ಜೇಡಿಯ ಸೂಚನೆಯೂ ಆಗಿರಬಹುದು. ಆದುದರಿಂದ ಸುತ್ತಲಿನ ಕೊಳವೆಬಾವಿಗಳ ಆಳ ಮತ್ತು ಇಳುವರಿ, ಭೂಮಿಯ ಇಳಿಜಾರು, ಶಿಲೆಯ ಬಗೆ ಇವೆಲ್ಲವನ್ನೂ ಕೂಡಿಸಿ ನೋಡಿದ ನಂತರವೇ ಸ್ಥಳ ನಿರ್ಧರಿಸುವುದು ಸೂಕ್ತ.

ನೀರಿನ ಮೇಲೆ ಎಣ್ಣೆಯಂತಹ ಪದರ ಕಂಡಾಗ

ಪದರವನ್ನು ಒಂದು ಕಡ್ಡಿಯಿಂದ ಮೆಲ್ಲನೆ ಕಲಕಿ ನೋಡಬೇಕು. ಪದರವು ಚೂರುಚೂರಾಗಿ ಒಡೆದು ಮತ್ತೆ ಕೂಡದಿದ್ದರೆ, ಅದು ನೀರಿನಲ್ಲಿನ ಕಬ್ಬಿಣದ ಅಂಶ ಹಾಗೂ ಅದನ್ನು ಆಧರಿಸಿ ಬೆಳೆಯುವ ಸೂಕ್ಷ್ಮಜೀವಿಗಳಿಂದ ಉಂಟಾದದ್ದು ಎಂದು ತಿಳಿಯಬಹುದು. ಪದರವು ಕಡ್ಡಿಯ ಹಿಂದೆಯೇ ಹರಿದು ಮತ್ತೆ ಕೂಡಿಕೊಂಡರೆ ಅದು ಎಣ್ಣೆಯ ಪದರವಾಗಿರುವ ಸಂಭವ ಹೆಚ್ಚು. ಈ ತಾಲ್ಲೂಕುಗಳಲ್ಲಿ ಅಂತಹ ಎಣ್ಣೆಯು ಪಂಪಿನ ಮೋಟಾರು, ಡೀಸೆಲ್ ಎಂಜಿನ್, ಸಮೀಪದ ಇಂಧನ ತೊಟ್ಟಿ ಇಂತಹವುಗಳಿಂದ ಸೋರಿರಬಹುದೇ ವಿನಾ ನೆಲದಡಿಯ ನಿಕ್ಷೇಪದಿಂದಲ್ಲ. ಕಡ್ಡಿಯ ಪರೀಕ್ಷೆಯು ಪ್ರಾಥಮಿಕ ಸೂಚನೆ ಮಾತ್ರ. ಎಣ್ಣೆಯ ವಾಸನೆ ಅಥವಾ ಪದರವಿದ್ದಲ್ಲಿ ಆ ನೀರನ್ನು ಕುಡಿಯಲು ಬಳಸದೆ, ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸತಕ್ಕದ್ದು. ಸ್ಥಳೀಯ ಪಂಚಾಯಿತಿ ಅಥವಾ ನಗರ ಸಂಸ್ಥೆಯ ಗಮನಕ್ಕೂ ತರತಕ್ಕದ್ದು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. 1957ರ ಗಣಿ ಮತ್ತು ಖನಿಜಗಳ (ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮದಲ್ಲಿ ಖನಿಜ ಎಂಬ ಪದದ ವ್ಯಾಪ್ತಿಯಿಂದ ಖನಿಜ ತೈಲವನ್ನು ಹೊರಗಿಡಲಾಗಿದೆ. ಆದ್ದರಿಂದ ಕಲ್ಲು ಗಣಿ ಅಥವಾ ಇತರ ಖನಿಜಗಳ ಗುತ್ತಿಗೆಯಿಂದ ತೈಲದ ಮೇಲೆ ಯಾವುದೇ ಹಕ್ಕು ಬರುವುದಿಲ್ಲ.

2. ತೈಲ ಮತ್ತು ಅನಿಲದ ಅನ್ವೇಷಣೆಗೆ 1948ರ ತೈಲಕ್ಷೇತ್ರಗಳ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮವು ಅನ್ವಯಿಸುತ್ತದೆ. ಇದಕ್ಕೆ 2025ರಲ್ಲಿ ತಿದ್ದುಪಡಿ ತರಲಾಗಿದೆ. ಅನ್ವೇಷಣಾ ಪ್ರದೇಶಗಳ ಹಂಚಿಕೆಯು ಕೇಂದ್ರ ಸರ್ಕಾರದ ಪೆಟ್ರೋಲಿಯಂ ಸಚಿವಾಲಯ ಹಾಗೂ 1993ರಲ್ಲಿ ಸ್ಥಾಪಿತವಾದ ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯದ ಮೂಲಕ ನಡೆಯುತ್ತದೆ.

3. ತೈಲ ದೊರೆಯುವುದೆಂಬ ಮಾತಿನ ಮೇಲೆ ಜಮೀನಿನ ಕರಾರು ಮಾಡಿಕೊಳ್ಳುವುದು ಅಥವಾ ಮುಂಗಡ ಹಣ ನೀಡುವುದು ಸೂಕ್ತವಲ್ಲ. ಒಂದು ಕಪ್ಪು ಕಲ್ಲು, ಒಂದು ಬಣ್ಣದ ಪದರ ಅಥವಾ ಒಂದೇ ಉಪಕರಣದ ಓದು ಯಾವುದನ್ನೂ ಸಾಬೀತುಪಡಿಸುವುದಿಲ್ಲ.

4. ಕೊಳವೆಬಾವಿ ಕೊರೆಯಿಸುವವರು 2011ರ ಕರ್ನಾಟಕ ಅಂತರ್ಜಲ ಅಧಿನಿಯಮದ ಉಪಬಂಧಗಳನ್ನು ಪಾಲಿಸತಕ್ಕದ್ದು. ಅಧಿಸೂಚಿತ ಪ್ರದೇಶಗಳಲ್ಲಿ ಪೂರ್ವಾನುಮತಿ ಅಗತ್ಯ.

5. ಕೊರೆಯುವ ಸಮಯದಲ್ಲಿ ಆಳ, ಮೇಲೆ ಬಂದ ಕಲ್ಲಿನ ಬಣ್ಣ, ನೀರು ಕಂಡ ಮಟ್ಟ ಮತ್ತು ಇಳುವರಿಯನ್ನು ಬರೆದಿಟ್ಟುಕೊಳ್ಳುವುದು ಒಳಿತು. ತೈಲಕ್ಷೇತ್ರದ ಲಾಗ್ ಮಾಡುವ ಕೆಲಸವನ್ನು ರೈತರ ಮಟ್ಟಿಗೆ ಈ ಒಂದು ಹಾಳೆ ಮಾಡುತ್ತದೆ. ಮುಂದೆ ಅದೇ ಜಮೀನಿನಲ್ಲಿ ಅಥವಾ ಪಕ್ಕದ ಜಮೀನಿನಲ್ಲಿ ಬಾವಿ ಕೊರೆಯುವವರಿಗೆ ಅದರಿಂದ ಹಣ ಮತ್ತು ಶ್ರಮ ಎರಡೂ ಉಳಿಯುತ್ತವೆ.